ಆಕಾಶದಲ್ಲಿ ನಾವಿಬ್ಬರೇ

ಮದುವೆಯಾಗಿ ಮೂವತ್ತು ವರ್ಷ ದಾಟಿದ ಹೆಂಗಸಿಗೆ ಗಂಡನಿಂದ ಮುಚ್ಚಿಡಲು ಹೆಚ್ಚೇನೂ ಉಳಿದಿರುವುದಿಲ್ಲ. ನನಗೆ ಉಳಿದಿದ್ದುದು ಒಂದೇ, ನನ್ನ ತೂಕ. ಡಾಕ್ಟರ ಹತ್ತಿರ ಹೋದಾಗ ಇವರ ಕೈಗೆ ಔಷಧಿ ಚೀಟಿ ಕೊಟ್ಟು ಹೊರಗೆ ಕಳಿಸಿ, ಆಮೇಲೆ ಕಾಟಾ ಹತ್ತಿ, ಮುಳ್ಳು ಸರಿಯಾಗಿ ನಿಲ್ಲುವ ಮೊದಲೇ ಇಳಿದು ಕಾಪಾಡಿಕೊಂಡು ಬಂದ ಗುಟ್ಟು ಅದು. ಬಯಲಾದದ್ದು ಕ್ಯಾಲಿಫೋರ್ನಿಯಾದ ಸ್ಯಾನ್ ಕಾರ್ಲೋಸ್ ಎಂಬ ಪುಟ್ಟ ವಿಮಾನ ನಿಲ್ದಾಣದಲ್ಲಿ, ಅದೂ 'ರೊಮ್ಯಾಂಟಿಕ್ ಪ್ರೈವೇಟ್ ಫ್ಲೈಟ್' ಎಂಬ ಹಾರಾಟಕ್ಕೆ ಹೊರಟು ನಿಂತಾಗ.

ಇದೆಲ್ಲ ಮಗಳು ಅಳಿಯ ಸೇರಿ ಮಾಡಿದ ಸಂಚು. ನಮ್ಮ ಮದುವೆಯ ದಿನಕ್ಕೆ ಸೀರೆ, ಶರ್ಟು ಕೊಟ್ಟರೆ ಪೆಟ್ಟಿಗೆ ಸೇರುತ್ತದೆ, ಆಣೆ ಮಾಡಿದರೂ ಹೊರಗೆ ಬರುವುದಿಲ್ಲ ಎಂದು ಅವರಿಗೆ ಗೊತ್ತು. ಹಾಗಾಗಿ ಒಂದು ಸಣ್ಣ ವಿಮಾನವನ್ನು ಗಂಟೆಯ ಲೆಕ್ಕದಲ್ಲಿ ಗೊತ್ತು ಮಾಡಿ, ಸ್ಯಾನ್ ಫ್ರಾನ್ಸಿಸ್ಕೋ ನಗರದ ಮೇಲೆ ಸಂಜೆ ಹೊತ್ತು ನಮ್ಮನ್ನು ಸುತ್ತಿಸುವುದೆಂದು ತೀರ್ಮಾನವಾಯಿತು. ಮಗಳು ಫೋನಿನಲ್ಲಿ ಜಾಹೀರಾತು ತೋರಿಸಿದಳು. ಸೂರ್ಯಾಸ್ತ, ಸೇತುವೆ, ಒಬ್ಬರ ಹೆಗಲಿಗೆ ಒಬ್ಬರು ತಲೆಯಾನಿಸಿದ ಜೋಡಿ. ಆ ಜೋಡಿಯ ವಯಸ್ಸು ಒಟ್ಟು ಸೇರಿಸಿದರೂ ಇವರೊಬ್ಬರ ವಯಸ್ಸಿಗೆ ಸಾಲದು.

"ನೀವಿಬ್ರೇ ಅಮ್ಮಾ. ನಾವ್ಯಾರೂ ಬರೋದಿಲ್ಲ" ಎಂದಳು.

ನನಗೆ ಎದೆ ಧಸಕ್ಕೆಂದದ್ದು ವಿಮಾನದ ಮಾತಿಗಲ್ಲ, ಈ 'ನೀವಿಬ್ರೇ' ಎಂಬ ಮಾತಿಗೆ. ನಾವಿಬ್ಬರೇ ಎಲ್ಲಿಗೂ ಹೋದವರಲ್ಲ. ಮದುವೆಯಾದ ಹೊಸತರಲ್ಲಿ ಜೋಗಕ್ಕೆ ಹೋಗಿದ್ದು ನಿಜ. ಜೊತೆಗೆ ಅತ್ತಿಗೆ ಇದ್ದರು, ಅವರ ಮಕ್ಕಳಿದ್ದರು, ಘಟ್ಟದ ತಿರುವಿನಲ್ಲಿ ವಾಂತಿ ಮಾಡುವ ಒಬ್ಬ ಮಾವಯ್ಯನೂ ಇದ್ದರು. ಜಲಪಾತದ ಎದುರು ತೆಗೆಸಿಕೊಂಡ ಫೋಟೋದಲ್ಲಿ ನಮ್ಮಿಬ್ಬರ ನಡುವೆ ಅತ್ತಿಗೆಯ ಮಗ ಬಾಳೆಹಣ್ಣು ತಿನ್ನುತ್ತ ನಿಂತಿದ್ದಾನೆ. ಆಮೇಲೆ ಮನೆ ತುಂಬ ಜನ, ಮಕ್ಕಳು, ಮಕ್ಕಳ ಪರೀಕ್ಷೆ. ಇವರು ಸರ್ವೆ ಇಲಾಖೆಯವರು, ವಾರದಲ್ಲಿ ನಾಕು ದಿನ ಯಾರದೋ ಗದ್ದೆಯಲ್ಲಿ ಚೈನು ಎಳೆಸುತ್ತಿದ್ದರು.

ಈ ವಿಷಯದಲ್ಲಿ ನಮ್ಮ ಪರಂಪರೆಯೂ ಹಾಗೇ ಇದೆ ಎಂದು ಆಮೇಲೆ ಸಮಾಧಾನ ಮಾಡಿಕೊಂಡೆ. ಗಂಡ ಹೆಂಡತಿ ವಿಮಾನದಲ್ಲಿ ಕೂತು ಕೆಳಗಿನ ಊರು, ಕಡಲು ನೋಡುತ್ತ ಹೋದ ಮೊದಲ ಕಥೆ ಪುಷ್ಪಕ ವಿಮಾನದ್ದೇ ಅಲ್ಲವೇ? ಲಂಕೆಯಿಂದ ಹಿಂದಿರುಗುವಾಗ ರಾಮ ಸೀತೆಗೆ ಒಂದೊಂದೇ ಜಾಗ ತೋರಿಸುತ್ತ ಬರುತ್ತಾನೆ. ಕಾಳಿದಾಸನಂತೂ ರಘುವಂಶದ 13ನೇ ಸರ್ಗವನ್ನು ಇದಕ್ಕೇ ಮೀಸಲಿಟ್ಟ. ಓದುವವರಿಗೆ ಅವರಿಬ್ಬರೇ ಇದ್ದ ಹಾಗೆ ಅನ್ನಿಸುತ್ತದೆ. ಆದರೆ ಹಿಂದಿನ ಸೀಟಿನಲ್ಲಿ ಸುಗ್ರೀವ, ವಿಭೀಷಣ, ಹನುಮಂತ, ಮೇಲಿಂದ ಇಡೀ ಕಪಿಸೈನ್ಯ. ಅಷ್ಟಕ್ಕೂ ಸಾಲದೆ, ಕಿಷ್ಕಿಂಧೆ, ಅಂದರೆ ನಮ್ಮ ಆನೆಗೊಂದಿಯ ಆಸುಪಾಸು ಬಂದಾಗ, ತಾರೆಯನ್ನೂ ಉಳಿದ ವಾನರ ಸ್ತ್ರೀಯರನ್ನೂ ಹತ್ತಿಸಿಕೊಳ್ಳೋಣ ಎಂದು ವಾಲ್ಮೀಕಿಯಲ್ಲಿ ಸೀತೆಯೇ ಕೇಳುತ್ತಾಳೆ. ಅವಳ ಕಷ್ಟ ನನಗೆ ಅರ್ಥವಾಗುತ್ತದೆ. ಇವರೊಬ್ಬರ ಜೊತೆ ಅಷ್ಟು ದೂರ ಏನು ಮಾತಾಡುವುದು?

ಹಾರಾಟ ಗೊತ್ತಾದದ್ದು ಜುಲೈಗೆ. ಜುಲೈಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಇರುವುದಿಲ್ಲ, ಇರುವುದು ಮಂಜು ಮಾತ್ರ. ಅಲ್ಲಿಯವರು ಆ ಮಂಜಿಗೆ 'ಕಾರ್ಲ್' ಎಂದು ಹೆಸರಿಟ್ಟು, ಮನೆಯ ತುಂಟ ಹುಡುಗನ ಸುದ್ದಿ ಹೇಳಿದ ಹಾಗೆ ಅದರ ಸುದ್ದಿ ಹೇಳುತ್ತಾರೆ. ಬೇಸಿಗೆಯಲ್ಲಿ ಆ ಕರಾವಳಿಯಲ್ಲಿ ಕಡಲ ತಳದ ತಣ್ಣೀರು ಮೇಲೆ ಬರುತ್ತದೆ. ಅದರ ಮೇಲೆ ಬೀಸಿ ಬಂದ ಪಸೆಗಾಳಿ ಮಂಜಾಗುತ್ತದೆ. ಒಳನಾಡಿನ ಬಯಲು ಕಾದು ಅಲ್ಲಿಯ ಗಾಳಿ ಮೇಲೇರಿದ ಹಾಗೆ, ಕಡಲ ಮೇಲಿನ ಮಂಜನ್ನು ಗೋಲ್ಡನ್ ಗೇಟ್ ಎಂಬ ಸಂದಿಯಿಂದ ಒಳಗೆ ಎಳೆದುಕೊಳ್ಳುತ್ತದೆ. ನಮ್ಮ ಕಡೆಯೂ ಅದೇ ತಿಂಗಳಲ್ಲಿ ಕಡಲಗಾಳಿ ಒಳಗೆ ಬರುತ್ತದೆ, ಆದರೆ ಸಹ್ಯಾದ್ರಿಗೆ ಮುಗ್ಗರಿಸಿ ಇದ್ದಬದ್ದ ನೀರನ್ನೆಲ್ಲ ಚೆಲ್ಲಿಬಿಡುತ್ತದೆ. ಅಲ್ಲಿಯ ಗಾಳಿ ಅಷ್ಟು ಉದಾರಿಯಲ್ಲ. ಮುಂದೂಡಿ ಮುಂದೂಡಿ ಕೊನೆಗೆ ಸೆಪ್ಟೆಂಬರಿನ ಒಂದು ಸಂಜೆ ಆಕಾಶ ತೊಳೆದಿಟ್ಟ ಹಾಗೆ ಕಂಡಿತು.

ಸ್ಯಾನ್ ಕಾರ್ಲೋಸ್ ನಿಲ್ದಾಣದ ರನ್‌ವೇ 2,600 ಅಡಿ ಚಿಲ್ಲರೆ. ಬೆಂಗಳೂರಿನದು 13,000 ಅಡಿ ದಾಟುತ್ತದೆ. ಇದನ್ನು ಇವರು ಮೊದಲೇ ತಿಳಿದುಕೊಂಡು, ಕಾರಿನಲ್ಲಿ ಬರುವಾಗ ನನಗೆ ಧೈರ್ಯ ತುಂಬಲೆಂದು ಹೇಳಿದರು. ಪೈಲಟ್ ಒಬ್ಬಳು ಹುಡುಗಿ. ನಮ್ಮ ಮಗಳಿಗಿಂತ ಚಿಕ್ಕವಳು, ಕೂದಲನ್ನು ಒಂದು ರಬ್ಬರು ಬ್ಯಾಂಡಿನಲ್ಲಿ ಬಿಗಿದಿದ್ದಳು. ನಗುತ್ತಲೇ ಒಂದು ಹಾಳೆ ಮುಂದಿಟ್ಟು ಇಬ್ಬರ ತೂಕ ಕೇಳಿದಳು. ಬಟ್ಟೆ, ಬೂಟು ಎಲ್ಲ ಸೇರಿಸಿ, ನಿಜವಾದದ್ದು.

ಕೇಳದೆ ಅವಳಿಗೂ ವಿಧಿಯಿಲ್ಲ. ನಾವು ಹತ್ತಲಿದ್ದ ಸೆಸ್ನಾ 172 ವಿಮಾನ, ಅದರ ಪೆಟ್ರೋಲು, ನಾವು ಮೂವರು, ನನ್ನ ಕೈಚೀಲ ಎಲ್ಲ ಸೇರಿ 1,157 ಕಿಲೋ ದಾಟುವಂತಿಲ್ಲ. ಒಟ್ಟು ತೂಕ ಎಷ್ಟೆನ್ನುವುದರಷ್ಟೇ ಅದು ಎಲ್ಲಿ ಕೂತಿದೆ ಎನ್ನುವುದೂ ಮುಖ್ಯ. ನಾನು ಒಂದು ಉಪಾಯ ಮಾಡಿದೆ. ಪೌಂಡಿನಲ್ಲಿ ಹೇಳಿದರೆ ಇವರಿಗೆ ತಿಳಿಯಲಿಕ್ಕಿಲ್ಲ ಎಂದು, ಅಳಿಯನ ಮನೆಯ ಕಾಟಾದಲ್ಲಿ ನೋಡಿಕೊಂಡಿದ್ದ ಅಂಕಿಯನ್ನು ಮೆಲ್ಲಗೆ ಉಸುರಿದೆ. ಆಯುಷ್ಯವಿಡೀ ಗುಂಟೆಯನ್ನು ಎಕರೆಗೆ, ಎಕರೆಯನ್ನು ಹೆಕ್ಟೇರಿಗೆ ತಿರುಗಿಸಿದ ಮನುಷ್ಯ. ನಾನು ಬಾಯಿ ಮುಚ್ಚುವಷ್ಟರಲ್ಲಿ ಕಿಲೋಕ್ಕೆ ಇಳಿಸಿಕೊಂಡು ಹುಬ್ಬು ಏರಿಸಿದರು. ಮಾತಾಡಲಿಲ್ಲ. ಅಷ್ಟು ದಾಕ್ಷಿಣ್ಯ ಇದೆ.

"ಚೀಲದಲ್ಲಿ ಏನಿದೆ?" ಎಂದಳು ಹುಡುಗಿ. ಅವಲಕ್ಕಿ ಚೂಡಾ, ನೀರಿನ ಬಾಟಲಿ, ಸ್ವೆಟರು, ಇವರ ಮಾತ್ರೆ, ಒಂದು ಲಿಂಬೆಹಣ್ಣು. ಅದನ್ನೂ ತೂಗಿ ಬರೆದುಕೊಂಡಳು.

ಆಮೇಲೆ ಆಸನದ ಪ್ರಶ್ನೆ. ಜೋಡಿಗಳು ಹಿಂದೆ ಒಟ್ಟಿಗೇ ಕೂರುತ್ತಾರೆ, ಲೆಕ್ಕವೂ ಕೂಡುತ್ತದೆ, ಬೇಕೆಂದರೆ ಒಬ್ಬರು ಮುಂದೆ ನನ್ನ ಪಕ್ಕ ಕೂರಬಹುದು ಎಂದು ಅವಳು ವಾಕ್ಯ ಮುಗಿಸುವ ಮೊದಲೇ ಇವರು ಮುಂದಿನ ಬಾಗಿಲ ಹಿಡಿ ಹಿಡಿದು ನಿಂತಿದ್ದರು. ಮಗಳು ಬೇಲಿಯ ಆಚೆಯಿಂದ "ಅಪ್ಪಾ, ಹಿಂದೆ! ಹಿಂದೆ!" ಎಂದು ಕೂಗಿದ್ದು ಅವರ ಕಿವಿಗೆ ಬೀಳಲೇ ಇಲ್ಲ. ಒಳಗಿನ ಅಗಲ ಹೆಚ್ಚು ಕಡಿಮೆ ಒಂದು ಮೀಟರು. ಹೀಗಾಗಿ ಆ ರೊಮ್ಯಾಂಟಿಕ್ ಹಾರಾಟದಲ್ಲಿ ಇವರ ಹೆಗಲಿಗೆ ಹೆಗಲು ತಾಗಿದ್ದು ಪೈಲಟ್ ಹುಡುಗಿಯದು. ಹಿಂದಿನ ಎರಡು ಆಸನಗಳಲ್ಲಿ ನಾನೂ ನನ್ನ ಕೈಚೀಲವೂ ಜೋಡಿಯಾಗಿ ಕೂತೆವು.

ಹೊರಡುವ ಮುಂಚೆ ಅವಳು ವಿಮಾನಕ್ಕೆ ಪ್ರದಕ್ಷಿಣೆ ಬಂದದ್ದನ್ನು ಮಾತ್ರ ನಾನು ಕಣ್ಣು ಮಿಟುಕಿಸದೆ ನೋಡಿದೆ. ರೆಕ್ಕೆಯ ತುದಿ ಹಿಡಿದು ಅಲುಗಿಸಿದಳು. ಟೈರು ಒತ್ತಿದಳು. ಬೆರಳಿನಿಂದ ಬೋಲ್ಟುಗಳನ್ನು ಮುಟ್ಟಿ ಮುಟ್ಟಿ ನೋಡಿದಳು. ಸಣ್ಣ ಏಣಿ ಹತ್ತಿ ಪೆಟ್ರೋಲು ಟ್ಯಾಂಕಿನ ಮುಚ್ಚಳ ತೆಗೆದು ಕಡ್ಡಿ ಅದ್ದಿ ಅಳೆದಳು. ರೆಕ್ಕೆಯ ಅಡಿಗೆ ಒಂದು ಪಾರದರ್ಶಕ ನಳಿಗೆ ಒತ್ತಿ, ಚೂರು ಪೆಟ್ರೋಲು ಇಳಿಸಿಕೊಂಡು ಬಿಸಿಲಿಗೆ ಹಿಡಿದಳು. ತಿಳಿ ನೀಲಿ. ನೀರು ಸೇರಿದ್ದರೆ ತಳದಲ್ಲಿ ಬೇರೆಯಾಗಿ ಕೂರುತ್ತದಂತೆ. ಗಡಿಯಾರವನ್ನು ಒಮ್ಮೆಯೂ ನೋಡಿಕೊಳ್ಳಲಿಲ್ಲ. ನನ್ನ ಹೆದರಿಕೆ ಅರ್ಧ ಇಳಿದದ್ದು ಆಗಲೇ.

ಈ ಸೆಸ್ನಾ 172 ಎಂಬುದು 1956ರಲ್ಲಿ ತಯಾರಾಗಲು ಶುರುವಾದ ಮಾದರಿ. 44,000ಕ್ಕೂ ಮೀರಿ ಮಾಡಿದ್ದಾರೆ, ಬೇರೆ ಯಾವ ವಿಮಾನವೂ ಅಷ್ಟು ಸಂಖ್ಯೆಯಲ್ಲಿ ಆಗಿಲ್ಲ. ಇಂಥದೇ ಒಂದರಲ್ಲಿ ರಾಬರ್ಟ್ ಟಿಮ್ ಮತ್ತು ಜಾನ್ ಕುಕ್ ಎಂಬ ಇಬ್ಬರು ಲಾಸ್ ವೇಗಸ್‌ನಿಂದ ಹಾರಿ, ನೆಲಕ್ಕೆ ಇಳಿಯದೆ 64 ದಿನ ಆಕಾಶದಲ್ಲೇ ಇದ್ದು 1959ರ ಫೆಬ್ರುವರಿಯಲ್ಲಿ ಇಳಿದರಂತೆ. ಕೆಳಗೆ ರಸ್ತೆಯಲ್ಲಿ ಓಡುವ ಲಾರಿಯಿಂದ ಕೊಳವೆಯಲ್ಲಿ ಪೆಟ್ರೋಲು ಎಳೆದುಕೊಳ್ಳುತ್ತಿದ್ದರು. ಆ ದಾಖಲೆ ಮಾಡಿದವರು ಗಂಡ ಹೆಂಡತಿ ಆಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಗಂಡ ಹೆಂಡತಿಯಾಗಿದ್ದರೆ ಎರಡನೆಯ ದಿನವೇ ಒಬ್ಬರು ಇಳಿಯುತ್ತೇನೆ ಅನ್ನುತ್ತಿದ್ದರು.

ಮೇಲೇರಿದ್ದು ಗೊತ್ತೇ ಆಗಲಿಲ್ಲ. ಕಿವಿಗೆ ದಪ್ಪ ಹೆಡ್‌ಫೋನು, ತುಟಿಗೆ ತಾಗುವ ಮೈಕು. ಇಂಜಿನಿನ ಗದ್ದಲದಲ್ಲಿ ಮಾತಾಡಬೇಕೆಂದರೆ ಅದೊಂದೇ ದಾರಿ. ಅದರಲ್ಲಿ ನಾನು "ರೀ" ಎಂದರೆ ಇವರ ಕಿವಿಗೂ ಹೋಗುತ್ತದೆ, ಪೈಲಟ್ ಕಿವಿಗೂ ಹೋಗುತ್ತದೆ. ಜೊತೆಗೆ ನೆಲದ ಮೇಲಿನ ಕಂಟ್ರೋಲರು ನಮ್ಮ ಕಿವಿಯೊಳಗೇ ಬಂದು ಕೂತಿದ್ದ. ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ "ಸಿರ್ಸಿಸಿರ್ಸಿಸಿರ್ಸಿ" ಎಂದು ಕೂಗುವ ಕಂಡಕ್ಟರನ ಹಾಗೆ ಅವನು ಒಂದೇ ಉಸಿರಿಗೆ ಹತ್ತು ವಿಮಾನಗಳಿಗೆ ದಾರಿ ಹೇಳುತ್ತಿದ್ದ. ಖಾಸಗಿ ಹಾರಾಟ ಎಂದು ಹಣ ಕೊಟ್ಟದ್ದಕ್ಕೆ, ನಾನು ಸೀನಿದ್ದೂ ಸಾರ್ವಜನಿಕವಾಯಿತು. ಹುಡುಗಿ "ಬ್ಲೆಸ್ ಯೂ" ಎಂದಳು.

ಕಂಟ್ರೋಲರನ ಅಪ್ಪಣೆ ಸಿಕ್ಕಿ, ದೊಡ್ಡ ವಿಮಾನ ನಿಲ್ದಾಣದ ನೆತ್ತಿಯ ಮೇಲೇ ಹಾದುಹೋದೆವು. ಸ್ಯಾನ್ ಫ್ರಾನ್ಸಿಸ್ಕೋದ ಜೋಡಿ ರನ್‌ವೇಗಳ ನಡುವಿನ ಅಂತರ 750 ಅಡಿ ಮಾತ್ರ. ಆ ಸಂಜೆ ಎರಡು ದೊಡ್ಡ ಜೆಟ್‌ಗಳು ಕೊಲ್ಲಿಯ ನೀರಿನ ಮೇಲೆ ಅಕ್ಕಪಕ್ಕ, ಒಂದು ಇನ್ನೊಂದಕ್ಕೆ ಕೂದಲೆಳೆ ಹಿಂದೆ, ಒಟ್ಟಿಗೇ ಇಳಿಯುತ್ತಿದ್ದವು. ರೆಕ್ಕೆಗೆ ರೆಕ್ಕೆ ತಾಗಿಯೇ ಬಿಟ್ಟಿತು ಅನ್ನುವ ಹಾಗೆ. ನೆರಳುಗಳೂ ಜೋಡಿಯಾಗಿ ನೀರಿನ ಮೇಲೆ ಓಡಿದವು. ಮಗಳು ಕಟ್ಟಿದ ಹಣಕ್ಕೆ ತಕ್ಕ ರೊಮ್ಯಾನ್ಸು ಅಲ್ಲಿ ಕಂಡಿತು, ನಮ್ಮ ವಿಮಾನದ ಹೊರಗೆ.

ನಗರ ಬಂತು. ನಾನು ನೋಡಿದ್ದು ಬಿಸಿಲಿಗೆ ಹೊಳೆಯುವ ಕಿಟಕಿಗಳನ್ನು, ಬೆಟ್ಟದ ಮೇಲೆ ಹತ್ತಿ ಇಳಿಯುವ ಬಿಳಿ ಮನೆಗಳನ್ನು. ಇವರು ನೋಡಿದ್ದು ಸೈಟುಗಳನ್ನು. ಆ ಊರಿನವರು ಗುಡ್ಡ ಇದೆಯೋ ತಗ್ಗು ಇದೆಯೋ ಕೇಳದೆ ಅಡ್ಡ ಉದ್ದ ಗೆರೆ ಎಳೆದು ಬೀದಿ ಮಾಡಿಬಿಟ್ಟಿದ್ದಾರೆ. ಅಲ್ಲಿಯ ಮಾಮೂಲಿ ನಿವೇಶನ 25 ಅಡಿಗೆ 100 ಅಡಿ ಎಂದು ಹುಡುಗಿ ಹೇಳಿದ್ದೇ ತಡ, ಇವರು "ಎರಡೂ ಕಾಲು ಗುಂಟೆ!" ಎಂದು ನನ್ನ ಕಡೆ ತಿರುಗಿ ಕೂಗಿದರು. ಗುಂಟೆ ಎಂದರೆ 33 ಅಡಿ ಚೈನಿನ ಒಂದು ಚೌಕ, ನಲವತ್ತು ಗುಂಟೆಗೆ ಎಕರೆ ಎಂದು ಪೈಲಟ್‌ಗೆ ಪಾಠ ಶುರುವಾಯಿತು. ಗೋಲ್ಡನ್ ಗೇಟ್ ಪಾರ್ಕ್ ಎಂಬ ಉದ್ದನೆಯ ಹಸಿರು ಪಟ್ಟಿ ಕಂಡಾಗ ಕಣ್ಣಂದಾಜಿನಲ್ಲಿ "ಸಾವಿರ ಎಕರೆ" ಎಂದರು. ಹುಡುಗಿ 1,017 ಎಂದಳು. ಮರಳು ದಿಬ್ಬಗಳ ಮೇಲೆ ಎಬ್ಬಿಸಿದ ತೋಟವಂತೆ ಅದು. ಅವರಿಬ್ಬರಿಗೂ ಚೆನ್ನಾಗಿ ಹೊಂದಿಕೆಯಾಯಿತು.

ಹೊಟ್ಟೆಕಿಚ್ಚಾಯಿತೇ ಎಂದು ಕೇಳಬೇಡಿ. ನನಗೆ ಇವರ ಕತ್ತಿನ ಹಿಂಭಾಗ ಕಾಣುತ್ತಿತ್ತು. ವರ್ಷಗಟ್ಟಲೆ ಗದ್ದೆಯ ಬಿಸಿಲಿಗೆ ಕಪ್ಪಾದ ಕತ್ತು. ಒಂದು ಹೋಬಳಿಯ ಹಿಸ್ಸೆ, ತಂಟೆಗಳನ್ನೆಲ್ಲ ಕಾಲಲ್ಲಿ ನಡೆದು ಅಳೆದವರಿಗೆ, ಇಡೀ ಪಟ್ಟಣವೊಂದು ನಕ್ಷೆಯಾಗಿ ತೊಡೆಯ ಕೆಳಗೆ ಹರಡಿಕೊಂಡಾಗ ಪಕ್ಕದಲ್ಲಿ ಯಾರಿದ್ದಾರೆ ಎಂಬುದು ನೆನಪಿರುತ್ತದೆಯೇ? 1906ರ ಏಪ್ರಿಲ್‌ನ ಭೂಕಂಪ, ಬೆಂಕಿಗಳಲ್ಲಿ ಈ ಊರು ನೆಲಸಮವಾದ ಕೆಲವೇ ವಾರಗಳಲ್ಲಿ ಜಾರ್ಜ್ ಲಾರೆನ್ಸ್ ಎಂಬಾತ ಸುಮಾರು 22 ಕಿಲೋದ ಕ್ಯಾಮರಾವನ್ನು ಗಾಳಿಪಟಗಳ ಸರಕ್ಕೆ ಕಟ್ಟಿ, 2,000 ಅಡಿ ಎತ್ತರದಿಂದ ಅವಶೇಷಗಳ ಚಿತ್ರ ತೆಗೆದಿದ್ದ. ವಿಮಾನವಿಲ್ಲ, ಪೆಟ್ರೋಲಿಲ್ಲ, ತೂಕ ಹೇಳಬೇಕಾದ್ದೂ ಕ್ಯಾಮರಾ ಒಂದೇ. ಇಳಿದ ಮೇಲೆ ಇವರಿಗೆ ಆ ಚಿತ್ರ ತೋರಿಸಿದೆ. ರಾತ್ರಿ ಊಟಕ್ಕೆ ಕರೆದರೂ ಬೀದಿ ಗುರುತಿಸುತ್ತ ಕೂತಿದ್ದರು.

ಗೋಲ್ಡನ್ ಗೇಟ್ ಸೇತುವೆ. 1937ರಲ್ಲಿ ತೆರೆದದ್ದು, ಎರಡು ಗೋಪುರಗಳ ನಡುವೆ 4,200 ಅಡಿ. ಚಿತ್ರದಲ್ಲಿ ನೋಡಿದವರೆಲ್ಲ ಚಿನ್ನದ್ದಲ್ಲ, ಕೆಂಪು ಎನ್ನುತ್ತಾರೆ. ಸಂಜೆಯ ಬಿಸಿಲಿನಲ್ಲಿ ಮೇಲಿಂದ ನೋಡಿದರೆ ಕಾವಿ. ನಮ್ಮ ಕಡೆ ಹಳೆಯ ದೇವಸ್ಥಾನದ ಗೋಡೆಗಿರುತ್ತದಲ್ಲ, ಅದೇ. ಕಾರುಗಳು ದೀಪ ಹಚ್ಚಿಕೊಂಡು ಎರಡೂ ಕಡೆಯಿಂದ ತೆವಳುತ್ತಿದ್ದವು. ಆಚೆ ಕಡಲಿನ ಮೇಲೆ ಮಂಜು ಕಾದು ಕೂತಿತ್ತು, ನಾಳೆ ಬರುತ್ತೇನೆ ಎನ್ನುವ ಹಾಗೆ.

ಅಲ್ಲಿ ಹುಡುಗಿಗೆ ತನ್ನ ಕರ್ತವ್ಯ ನೆನಪಾಯಿತು. ಇದು ಮದುವೆಯ ವಾರ್ಷಿಕೋತ್ಸವ ಎಂದು ಮಗಳು ಬರೆದು ಕೊಟ್ಟಿದ್ದಳಲ್ಲ. "ಇಲ್ಲೊಂದು ಗುಂಡಿಯಿದೆ, ಒತ್ತಿದರೆ ನಿಮ್ಮ ಮಾತು ನನಗೆ ಕೇಳುವುದಿಲ್ಲ, ರೇಡಿಯೋ ಮಾತ್ರ ಕೇಳುತ್ತದೆ. ಸ್ವಲ್ಪ ಹೊತ್ತು ನೀವು ನೀವೇ ಮಾತಾಡಿಕೊಳ್ಳಿ" ಎಂದು ಒತ್ತಿಯೇ ಬಿಟ್ಟಳು.

ಕಂಟ್ರೋಲರನ ಗಲಾಟೆ ನಿಂತುಹೋಯಿತು. ಆಕಾಶದಲ್ಲಿ, ಪೆಸಿಫಿಕ್ ಸಾಗರದ ಬಾಗಿಲಲ್ಲಿ, ನಾವಿಬ್ಬರೇ. ಹೆಡ್‌ಫೋನಿನೊಳಗೆ ಇವರು ಉಸಿರಾಡುವುದು ಕೇಳುತ್ತಿತ್ತು. ನಾನು ಕಾದೆ. ಇವರೂ ಕಾದರು ಅನ್ನಿಸುತ್ತದೆ. ಕೊನೆಗೆ ಗಂಟಲು ಸರಿಮಾಡಿಕೊಂಡರು.

"ಸೊಸೈಟಿಯ ಎಫ್‌ಡಿ ಮುಂದಿನ ತಿಂಗಳು ಮುಗೀತದೆ, ಅಲ್ದಾ?"

"ಹೌದು."

"ಅದರಲ್ಲಿ ಮನೆ ಹಂಚು ತೆಗೆಸಿ ಶೀಟು ಹಾಕಿಸಿಬಿಡುವ."

ಹಂಚು ಎಂದರೆ ನನ್ನ ಮಾವನವರ ಕಾಲದ ಮಂಗಳೂರು ಹಂಚು. ಅದನ್ನು ತೆಗೆಸಿದರೆ ಏಪ್ರಿಲಿನಲ್ಲಿ ಒಳಗೆ ಬೆಂದುಹೋಗುತ್ತೇವೆ, ಮಳೆಗಾಲದಲ್ಲಿ ಶೀಟಿನ ಸದ್ದಿಗೆ ಕಿವುಡಾಗುತ್ತೇವೆ ಎಂದೆ. ವರ್ಷ ವರ್ಷ ಹಂಚು ಕೈಯಾಡಿಸಲು ಈಗ ಜನ ಎಲ್ಲಿ, ಮಂಗ ಹಾರಿ ಒಡೆದದ್ದಕ್ಕೆ ಲೆಕ್ಕ ಉಂಟಾ ಎಂದರು. ನೀವು ಮಾಡಿಗೆ ಹತ್ತುವುದು ಬಿಟ್ಟಾಗಿನಿಂದ ಎಲ್ಲ ಹಂಚೂ ನಿಮಗೆ ಒಡೆದದ್ದೇ ಎಂದೆ. ನೀನು ಹತ್ತು ನೋಡುವ, ತೂಕ ಗೊತ್ತಾಯ್ತಲ್ಲ ಇವತ್ತು ಎಂದರು.

ಹಾಗೆ ಆ ವಿಷಯ ಬಂತು ಹೊರಗೆ. ಆಮೇಲೆ ನಡೆದದ್ದನ್ನು ಬರೆಯುವುದಿಲ್ಲ. ಆದರೆ ಒಂದು ಮಾತು ಹೇಳಬೇಕು. ನಮ್ಮಲ್ಲಿ ಜಗಳಗಳಿಗೇನೂ ಕಡಿಮೆಯಿಲ್ಲ, ಆದರೆ ಪ್ರತಿಯೊಂದಕ್ಕೂ ಪಂಚಾಯತಿಕೆಯವರು ಇರುತ್ತಿದ್ದರು. ಅತ್ತೆ ಇದ್ದಷ್ಟು ದಿನ ಅತ್ತೆ, ಆಮೇಲೆ ಅತ್ತಿಗೆ, ಈಗ ಫೋನಿನಲ್ಲಿ ಮಗಳು. ಎರಡು ಮಾತಾಡುವಷ್ಟರಲ್ಲಿ ಯಾರೋ ಒಬ್ಬರು ಬಂದು ಒಂದು ಕಡೆ ತೀರ್ಪು ಕೊಟ್ಟು ಮುಗಿಸುತ್ತಿದ್ದರು. ಇಲ್ಲಿ ಯಾರೂ ಇಲ್ಲ. ಇವರು ಎದ್ದು ಅಂಗಳಕ್ಕೆ ಹೋಗುವಂತಿಲ್ಲ, ನಾನು ಅಡಿಗೆಮನೆಗೆ ಹೋಗಿ ಪಾತ್ರೆ ಸದ್ದು ಮಾಡುವಂತಿಲ್ಲ. ಮೊದಲಿಂದ ಕೊನೆಯವರೆಗೆ, ಇಬ್ಬರೇ, ಒಂದು ಜಗಳವನ್ನು ಪೂರ್ತಿ ಆಡಿದೆವು. ನನಗಂತೂ ಬಹಳ ಖುಷಿಯಾಯಿತು. ಇವರಿಗೂ ಆಗಿರಬೇಕು, ಕಿವಿ ಕೆಂಪಾಗಿತ್ತು.

ಗುಂಡಿ ತಿರುಗಿ ಒತ್ತಿದ ಹುಡುಗಿ, ಕೇಳಿಸದಿದ್ದರೂ ನಮ್ಮ ಕೈಬಾಯಿ ನೋಡಿದವಳು, ಎಲ್ಲ ಸರಿಯಿದೆಯೇ ಎಂದಳು. "ವೆರಿ ನೈಸ್" ಎಂದರು ಇವರು.

ಇನ್ನೂ ಮುಂದೆ ಹೋಗಬಹುದಲ್ಲ ಎಂದು ಇವರಿಗೆ ಆಸೆ. ಇಂಥ ನೋಟದ ಹಾರಾಟಕ್ಕೆ ಕಟ್ಟಳೆಯಿದೆಯಂತೆ, ಹೊರಟ ನಿಲ್ದಾಣಕ್ಕೇ ಬಂದು ಇಳಿಯಬೇಕು, ನಡುವೆ ಎಲ್ಲೂ ಇಳಿಯಬಾರದು, 25 ಮೈಲಿಯ ಸುತ್ತು ದಾಟಬಾರದು. ಸೇತುವೆ ಅದರೊಳಗೆ ಹೇಗೋ ಕಷ್ಟಪಟ್ಟು ಸಿಗುತ್ತದೆ. ಕಡಲ ದಂಡೆಗುಂಟ ತಿರುಗಿ ದಕ್ಷಿಣಕ್ಕೆ ಬಂದು, ಗುಡ್ಡ ದಾಟಿದಾಗ ಉದ್ದನೆಯ ಜಲಾಶಯವೊಂದು ಕಂಡಿತು, ಕ್ರಿಸ್ಟಲ್ ಸ್ಪ್ರಿಂಗ್ಸ್. ಸ್ಯಾನ್ ಆಂಡ್ರಿಯಾಸ್ ಎಂಬ ಭೂಮಿಯ ಬಿರುಕಿನ ಗುಂಟವೇ ಆ ನೀರು ನಿಂತಿದೆ. 1906ರಲ್ಲಿ ಆ ಬಿರುಕು ಅಲುಗಿದಾಗ ಕೆಲವು ಕಡೆ ಹೊಲದ ಬೇಲಿಗಳು ತುಂಡಾಗಿ ಹಲವು ಅಡಿ ಪಕ್ಕಕ್ಕೆ ಸರಿದಿದ್ದವು. ಇವರು ಮೌನವಾದರು. ಆಮೇಲೆ ಅಂದರು, "ಇಲ್ಲಿ ಹದ್ದುಬಸ್ತು ಮಾಡೋದು ಹ್ಯಾಗೆ ಮಾರಾಯ್ತಿ? ಬಾಂದು ಕಲ್ಲು ತಾನೇ ಎದ್ದು ಹೋಗ್ತದೆ."

ಕೊಲ್ಲಿಯ ಕಡೆ ಬಂದು ಇಳಿಯುವ ಮೊದಲು ಮತ್ತೊಂದು ವಿಮಾನ ಅಡ್ಡ ಇತ್ತು. ಒಂದು ಸುತ್ತು ಹಾಕಿ ಬಾ ಎಂದ ಕಂಟ್ರೋಲರು. ಹಾಗೆ ಸುತ್ತಿದ್ದು ಉಪ್ಪಿನ ಆಗರದ ಮೇಲೆ. ಕೆಳಗೆ ಮಡಿ ಮಡಿ ನೀರು, ಒಂದು ಹಸಿರು, ಒಂದು ಕಿತ್ತಳೆ, ಒಂದು ಅಪ್ಪಟ ಕೋಕಂ ಶರಬತ್ತಿನ ಬಣ್ಣ. ನೀರು ಆರುತ್ತ ಉಪ್ಪು ಏರಿದ ಹಾಗೆ ಅದರಲ್ಲಿ ಬದುಕುವ ಸೂಕ್ಷ್ಮಜೀವಿಗಳು ಬದಲಾಗುತ್ತವೆ, ಬಣ್ಣವೂ ಬದಲಾಗುತ್ತದೆ. ಹಲವು ಮಡಿಗಳನ್ನು ಈಗ ಒಡೆದು, 15,000 ಎಕರೆಯಷ್ಟನ್ನು ಮತ್ತೆ ಜೌಗು ಮಾಡುವ ಕೆಲಸ ನಡೆದಿದೆಯಂತೆ. ನನ್ನ ತವರು ಸಾಣಿಕಟ್ಟೆಯ ಬಗಲಲ್ಲೇ. ಅಘನಾಶಿನಿಯ ಭರತದ ನೀರು ಆಗರಕ್ಕೆ ನುಗ್ಗುವುದನ್ನು, ಬೇಸಿಗೆಯಲ್ಲಿ ಬಿಳಿ ರಾಶಿ ಏಳುವುದನ್ನು ನೋಡುತ್ತ ಬೆಳೆದವಳು. ಬದುವಿನ ಮೇಲೆ ನಿಂತು ನೋಡಿದರೆ ಇಷ್ಟು ಚಂದ ಎಂದು ಗೊತ್ತಾಗುವುದಿಲ್ಲ. "ಇನ್ನೊಂದು ಸುತ್ತು ಹಾಕಲಿಕ್ಕೆ ಆಗ್ತದಾ ಕೇಳಿ" ಎಂದೆ ಇವರಿಗೆ. ಇವರು ಕೇಳಿದರು. ಹುಡುಗಿ ಕಂಟ್ರೋಲರನನ್ನು ಕೇಳಿದಳು. ಅವನು ಒಪ್ಪಿದ. ಆ ಸಂಜೆ ಇವರು ನನಗಾಗಿ ಮಾಡಿದ್ದು ಅದೊಂದು, ಹಂಚಿನ ಸಿಟ್ಟಿನ್ನೂ ಆರಿರಲಿಲ್ಲ, ಆದರೂ ಕೇಳಿದರು.

ಇಳಿದು ಫೋನು ತೆಗೆದರೆ ಮನೆಯ ಗುಂಪಿನಲ್ಲಿ ಐವತ್ತರ ಮೇಲೆ ಸಂದೇಶ. ವಿಮಾನ ಎಲ್ಲೆಲ್ಲಿ ಹೋಗುತ್ತಿದೆ ಎಂದು ಗೆರೆ ಎಳೆದು ತೋರಿಸುವ ಆ್ಯಪ್ ಒಂದಿದೆ. ಮಗಳು ಅದನ್ನು ನಿಮಿಷ ನಿಮಿಷಕ್ಕೆ ಎಲ್ಲರಿಗೂ ಕಳಿಸಿದ್ದಾಳೆ. ಊರಿನಲ್ಲಿ ಆಗ ಬೆಳಗಿನ ಚಾ ಹೊತ್ತು. ಕುಮಟಾ, ಸಿರ್ಸಿ, ಹುಬ್ಬಳ್ಳಿ, ಎಲ್ಲರೂ ದೋಸೆ ತಿನ್ನುತ್ತ ನಮ್ಮಿಬ್ಬರ ಏಕಾಂತವನ್ನು ನೋಡಿದ್ದಾರೆ. ಕಾರು ಹತ್ತುವ ಮೊದಲೇ ಅತ್ತಿಗೆಯ ಫೋನು.

"ಅಲ್ಲೇ, ಕೊನೆಗೆ ಒಂದೇ ಜಾಗದಲ್ಲಿ ಎರಡೆರಡು ಸಲ ಸುತ್ತಿದ್ರಲ್ಲ, ಎಂತ ಇತ್ತು ಅಲ್ಲಿ?"

"ಉಪ್ಪಿನ ಆಗರ, ಅತ್ತಿಗೆ."

ಸ್ವಲ್ಪ ಹೊತ್ತು ಆ ಕಡೆ ಸದ್ದಿಲ್ಲ.

"ಅದಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ? ಇಲ್ಲಿಂದ ರಿಕ್ಷಾ ಮಾಡಿಕೊಂಡು ಹೋದ್ರೆ ಆಗ್ತಿತ್ತು. ಬರುವಾಗ ಎರಡು ಕಿಲೋ ಉಪ್ಪೂ ತರ್ಬಹುದಿತ್ತು." ಚಾ ಗುಟುಕರಿಸಿದ ಸದ್ದು. "ಇರ್ಲಿ, ತಮ್ಮ ಈಗಷ್ಟೇ ಫೋನು ಮಾಡಿದ್ದ. ಶೀಟು ಬೇಡ ಅಂತ ಹೇಳಿದ್ದೇನೆ. ಹಂಚೇ ಇರ್ಲಿ."